ಹನ್ನೊಂದೂ ಮುಕ್ಕಾಲರ ಸೂಜಿ

ಭೌತಶಾಸ್ತ್ರದ ಮೇಷ್ಟ್ರು ಎರಡು ವರ್ಷ ಕೂತು ಕೈಯಾರೆ ಮಾಡಿದ ಕಾಂತಸೂಜಿ ದಿನಾ ಹನ್ನೊಂದೂ ಮುಕ್ಕಾಲಿಗೆ ಎರಡು ಗೆರೆ ಪಕ್ಕಕ್ಕೆ ಸರಿಯುತ್ತಿತ್ತು. ಏಕೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಮೂರು ವಾರ ಅದನ್ನೇ ಬರೆದಿಟ್ಟು ಬರೆದಿಟ್ಟು ಕಾಲೇಜಿನಲ್ಲಿ ಅವರಿಗೆ ಸೂಜಿ ಮೇಷ್ಟ್ರು ಎಂದೇ ಹೆಸರು ಬಿದ್ದಿತ್ತು.

“ಆ ಅಂಕಿ ಹೊಡೆದುಹಾಕ್ರೀ,” ಎಂದರು ಪ್ರಿನ್ಸಿಪಾಲರು.

“ಹೊಂದದ ಅಂಕಿಯಿಂದ್ಲೇ ಸಾರ್ ಹೊಸದು ಸಿಗೋದು! ಒಂದು ಗ್ರಹದ ದಾರಿ ಲೆಕ್ಕಕ್ಕೆ ಹೊಂದದೆ ಇದ್ದದ್ದಕ್ಕೇ ಅಲ್ವೇ ಇನ್ನೊಂದು ಗ್ರಹ ಸಿಕ್ಕಿದ್ದು?”

“ಸರಿ, ಇವತ್ತು ನಮ್ಮೆದುರಿಗೆ ತೋರಿಸಿ. ಇಲ್ದಿದ್ರೆ ಈ ಕೋಣೆ ಕೆಮಿಸ್ಟ್ರಿ ಮೇಡಂಗೆ.”

ಬಾಟಲಿ ಇಡಲು ಜಾಗವಿಲ್ಲದ ಮೇಡಂ ವರ್ಷದಿಂದ ಆ ಕೋಣೆಯ ಮೇಲೆ ಕಣ್ಣಿಟ್ಟಿದ್ದರು.

ಹನ್ನೊಂದೂ ಮುಕ್ಕಾಲಾಯಿತು. ಸೂಜಿ ಜಪ್ಪಯ್ಯ ಎಂದರೂ ಕದಲಲಿಲ್ಲ. ಮೇಷ್ಟ್ರು ಬೆವೆತುಹೋದರು.

“ದಿನಾ ಈ ಹೊತ್ತಿಗೆ ಏನ್ ಮಾಡ್ತೀರಿ ನೀವು?” ಮೇಡಂ ಕೇಳಿದರು.

“ಊಟದ ಡಬ್ಬಿ ತೆಗೆದಿಡ್ತೀನಿ. ಇವತ್ತು ಗಾಬರೀಲಿ ಮನೇಲೇ ಮರೆತೆ.”

ಅಟೆಂಡರು ಸೈಕಲ್ಲಿನಲ್ಲಿ ಹೋಗಿ ಡಬ್ಬಿ ತಂದು ಮೇಜಿನ ಮೇಲಿಟ್ಟ. ಸೂಜಿ ಠಕ್ಕನೆ ಎರಡು ಗೆರೆ ಸರಿಯಿತು.

“ಅಯ್ಯೋ, ನಿಮ್ಮ ಹೊಸ ಗ್ರಹ ಇನ್ನೂ ಬಿಸಿಯಾಗಿದೆ!” ಎಂದು ಮೇಡಂ ನಕ್ಕಿದ್ದೇ ತಡ, ಇಡೀ ಕೋಣೆ ನಕ್ಕಿತು. ‘ಕಾರಣ: ಡಬ್ಬಿಯ ಕಬ್ಬಿಣ’ ಎಂದು ಪ್ರಿನ್ಸಿಪಾಲರು ಬರೆಸಿ ಸಹಿ ಹಾಕಿಸಿಕೊಂಡು, ಕೋಣೆಯನ್ನು ಮೇಡಂಗೆ ಕೊಟ್ಟರು. ಪಾಪ, ಮೇಷ್ಟ್ರು ಅರ್ಧ ದಿನ ರಜೆ ಹಾಕಿ ಮನೆಗೆ ಹೋದರು.

ಹೆಂಡತಿ ನಗಲಿಲ್ಲ. ಫ್ರಿಜ್ಜಿನ ಬಾಗಿಲಿಗಿದ್ದ ಮ್ಯಾಗ್ನೆಟ್ ಕಿತ್ತು ಡಬ್ಬಿಗೆ ಅಂಟಿಸಿದಳು. ಅದು ಟಣ್ಣೆಂದು ಕೆಳಗೆ ಬಿತ್ತು.

“ಅಲ್ರೀ, ಇದು ಅಲ್ಯೂಮಿನಿಯಂ. ಕಬ್ಬಿಣ ಎಲ್ಲಿಂದ ಬಂತು?”

“ಒಳಗೆ ಚಮಚ ಇತ್ತೇನೋ?”

“ನೀವು ಯಾವತ್ತು ಚಮಚದಲ್ಲಿ ತಿಂದಿದ್ದೀರಿ?”

ಮೇಷ್ಟ್ರ ಮೈ ಜುಮ್ಮೆಂದಿತು. ಅಲ್ಯೂಮಿನಿಯಂ ಸೂಜಿಯನ್ನು ಎಳೆದಿದೆ! ಇದಂತೂ ನಿಜವಾಗಿಯೂ ಯಾವ ಪುಸ್ತಕದಲ್ಲೂ ಇಲ್ಲ. ಹೆಂಡತಿಯ ಎರಡೂ ಕೈ ಹಿಡಿದು ಒಂದು ಸುತ್ತು ಕುಣಿದರು. ಆಮೇಲೆ ಡಬ್ಬಿಯನ್ನು ಎದೆಗವಚಿಕೊಂಡು, ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಅವಳದು ಮೆಟ್ಟಿಕೊಂಡು ಕಾಲೇಜಿಗೆ ಓಡಿದರು.

ಕೋಣೆಯಲ್ಲಿ ಆಗಲೇ ಸೂರಿನವರೆಗೂ ಬಾಟಲಿ. ಮೇಡಂ ಗ್ಯಾಸ್ ಬರ್ನರ್ ಮುಂದೆ ನಿಂತಿದ್ದರು.

“ನನ್ನ ಸೂಜಿ ಎಲ್ಲಿ ಮೇಡಂ?”

“ಬನ್ನಿ ಬನ್ನಿ! ಹೇಗೂ ನಿಮಗೆ ಬೇಡವಲ್ಲ ಅಂತ ತಗೊಂಡೆ. ಬರ್ನರ್ ತೂತು ಕಟ್ಕೊಂಡಿತ್ತು. ಎರಡು ತುಂಡು ಮಾಡಿ ಚುಚ್ಚಿದೆ ನೋಡಿ, ಅದೆಷ್ಟು ಚೆನ್ನಾಗಿ ಹೊಂದಿಕೊಳ್ತು ಅಂತೀರಿ! ಒಂದು ಗೆರೆನೂ ಆಚೀಚೆ ಇಲ್ಲ.”