ಕುಮುದಾಳ ಸ್ಪೇನು, ನನ್ನ ಲ್ಯಾಮಿನೇಷನ್ನು

ನನ್ನ ಹೆಂಡತಿ ಕುಮುದಾ ನಲವತ್ತೆಂಟನೆಯ ವಯಸ್ಸಿನಲ್ಲಿ ಕಾಲೇಜಿಗೆ ಹೋಗುತ್ತೇನೆಂದು ಹೊರಟಳು. ಹೋಗಲಿ ಬಿಡಿ, ನಮ್ಮ ಸುತ್ತಮುತ್ತ ಕಾಲೇಜುಗಳಿಗೇನು ಬರವೇ? ಲಾ ಹೋಯಾದಲ್ಲಿ ಒಂದಿದೆ, ಕಾರಿನಲ್ಲಿ ಇಪ್ಪತ್ತು ನಿಮಿಷ. ಲಾಂಗ್ ಬೀಚಿನಲ್ಲಿ ಒಂದಿದೆ, ನಮ್ಮ ಮಗಳು ನಿಕಿತಾ ಅಲ್ಲೇ ಓದುತ್ತಿದ್ದಾಳೆ. ಇವಳಿಗೆ ಬೇಕಾದದ್ದು ಮಾತ್ರ ಸ್ಪೇನ್ ದೇಶದ ವ್ಯಾಲೆನ್ಸಿಯಾ. ಅಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಹಳೆಯ ಕಾಗದಪತ್ರಗಳನ್ನು ಕಾಪಾಡುವ ವಿದ್ಯೆಯನ್ನು ಒಂದು ವರ್ಷ ಕಲಿಸುತ್ತಾರಂತೆ. (ಹಳೆಯ ಗಂಡನನ್ನು ಕಾಪಾಡುವ ಕೋರ್ಸು ಎಲ್ಲಿಯಾದರೂ ಇದೆಯೇ ಎಂದು ನಾನು ಹುಡುಕಿ ನೋಡಿದೆ. ಇಲ್ಲ.)

ಇಲ್ಲಿ ನನ್ನ ವಿಷಯ ಒಂದೆರಡು ಮಾತು ಹೇಳಿಬಿಡಬೇಕು. ಹೆಸರು ಉದಯಶಂಕರ, ಟೆಲಿಕಾಂ ಇಂಜಿನಿಯರು, ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಇಪ್ಪತ್ತೆರಡು ವರ್ಷದ ವಾಸ. ಕಸುಬಿನಿಂದ ಇಂಜಿನಿಯರಾದರೂ ಸ್ವಭಾವದಿಂದ ಅಪ್ಪಟ ಪುಕ್ಕಲ. ಭೂಕಂಪವಾದರೆ ಓಡಲು ಮಂಚದ ಕೆಳಗೆ ಬೂಟು ಇಟ್ಟುಕೊಂಡಿದ್ದೇನೆ. ಕಾಡ್ಗಿಚ್ಚು ಬಂದರೆ ಹಿಡಿದು ಓಡಲು ಬಾಗಿಲ ಪಕ್ಕ ಬ್ಯಾಗು ಇಟ್ಟಿದ್ದೇನೆ. ವಿಮಾನವೆಂದರಂತೂ ಕೇಳಲೇಬೇಡಿ, ಅಂಗೈ ಬೆವರಿ ಟಿಕೆಟ್ಟೇ ಒದ್ದೆಯಾಗುತ್ತದೆ. ಇಂಥವನ ಮುಂದೆ ಉಪ್ಪಿಟ್ಟಿನ ತಟ್ಟೆ ಇಟ್ಟು, "ರೀ, ನಂಗೆ ಸ್ಪೇನಲ್ಲಿ ಸೀಟ್ ಸಿಕ್ತು" ಎಂದರೆ ಏನಾಗಬೇಕು?

"ಅಲ್ಲಿ ಗೂಳಿಗಳು ಬೀದೀಲಿ ಅಟ್ಟಿಸ್ಕೊಂಡು ಬರ್ತಾವಂತೆ ಕಣೇ!" ಎಂದೆ, ಮೊದಲು ಬಾಯಿಗೆ ಬಂದದ್ದನ್ನು.

"ಅದು ಬೇರೆ ಊರು, ವರ್ಷಕ್ಕೊಂದ್ಸಲ. ಬಸವನಗುಡೀಲಿ ದಿನಾ ಅಡ್ಡ ನಿಂತಿರ್ತಿದ್ವು, ನೀವು ಅದರ ಪಕ್ಕದಲ್ಲೇ ಸ್ಕೂಟರ್ ನಿಲ್ಲಿಸ್ತಿದ್ರಿ."

"ರಾತ್ರಿ ಹತ್ತು ಗಂಟೆಗೆ ಊಟ ಮಾಡ್ತಾರಂತೆ."

"ಒಳ್ಳೇದೇ ಆಯ್ತು. ಆಗ ನಿಮಗಿಲ್ಲಿ ಮಧ್ಯಾಹ್ನ ಒಂದು ಗಂಟೆ. ಇಬ್ರೂ ಫೋನ್ ಇಟ್ಕೊಂಡು ಒಟ್ಟಿಗೆ ಊಟ ಮಾಡಬಹುದು."

"ಎಲ್ಲದಕ್ಕೂ ಹಂದಿ ಮಾಂಸ ಹಾಕ್ತಾರೆ!"

"ನಿಮ್ಮ ಕೈ ಅಡುಗೆ ತಿಂದು ಬದುಕಿದೀನಿ, ಅಲ್ಲೂ ಬದುಕ್ತೀನಿ ಬಿಡಿ."

ಮೇಲೆ ಹೇಳಿದ ಗೂಳಿ, ಹಂದಿ ಇತ್ಯಾದಿ ಪ್ರಾಣಿಗಳೆಲ್ಲ ನೆಪ. ನಿಜವಾದ ಭಯ ಬೇರೆಯೇ ಇತ್ತು. ಮಗಳು ಹಾಸ್ಟೆಲ್ಲಿಗೆ ಹೋದ ಮೇಲೆ ಆ ಮನೆಯಲ್ಲಿ ಇರುವವರು ನಾವಿಬ್ಬರೇ. ಇವಳೂ ಹೋದರೆ ಸಂಜೆ ಬಾಗಿಲು ತೆಗೆದಾಗ "ಚಪ್ಪಲಿ ಅಲ್ಲಿ ಬಿಡಬೇಡಿ" ಎಂದು ಗದರುವವರು ಯಾರು? ಆದರೆ ಗಂಡಸಾದವನು ಇದನ್ನೆಲ್ಲ ಬಾಯಿಬಿಟ್ಟು ಹೇಳುವುದು ಹೇಗೆ? ಹಾಗಾಗಿ ಗೂಳಿಗಳನ್ನೇ ಮುಂದೆ ಬಿಟ್ಟೆ.

ಕುಮುದಾ ಜಗ್ಗುವವಳಲ್ಲ. ಮದುವೆಯಾಗಿ ಬಂದಾಗ ನಿಲ್ಲಿಸಿದ ಓದು ಅವಳದು. ಆರು ವರ್ಷದಿಂದ ಲಾ ಹೋಯಾದ ಒಂದು ಲೈಬ್ರರಿಯಲ್ಲಿ ಸಂಬಳವಿಲ್ಲದೆ ಹಳೆಯ ನಕ್ಷೆ, ಪತ್ರಗಳ ಧೂಳು ಒರೆಸುತ್ತಾ, ಯೂಟ್ಯೂಬು ನೋಡಿ ಸ್ಪ್ಯಾನಿಷ್ ಕಲಿಯುತ್ತಾ ಈ ಸೀಟಿಗಾಗಿ ಕಾದಿದ್ದಳು. ಇನ್ನು ಉಳಿದದ್ದು ವೀಸಾ ಒಂದೇ.

ಆ ವೀಸಾಕ್ಕೆ ಬೇಕಾದ ಪತ್ರಗಳಲ್ಲಿ ಒಂದು ಮಹಾಮಹಿಮವಾದದ್ದು. "ಈಕೆ ಕಳ್ಳಿಯಲ್ಲ, ಕೊಲೆಗಾರ್ತಿಯೂ ಅಲ್ಲ" ಎಂದು ಅಮೆರಿಕಾದ ಪೊಲೀಸರು ಬರೆದುಕೊಡಬೇಕು. ಅದು ನಿಜವಾದ ಪತ್ರವೇ ಹೌದು ಎಂದು ವಾಷಿಂಗ್ಟನ್ನಿನವರು ಇನ್ನೊಂದು ಹಾಳೆಯಲ್ಲಿ ಮುದ್ರೆ ಒತ್ತಿ, ಎರಡನ್ನೂ ಸೇರಿಸಿ ಪಿನ್ನು ಹೊಡೆಯಬೇಕು. ಈ ಎರಡನೆಯ ಹಾಳೆಯ ಹೆಸರು ಅಪೊಸ್ಟಿಲ್. ಇದು ಕೈಗೆ ಬರಲು ಹತ್ತು ವಾರ ಹಿಡಿಯಿತು. ವೀಸಾ ಅಪಾಯಿಂಟ್‌ಮೆಂಟು ಲಾಸ್ ಏಂಜಲೀಸ್‌ನಲ್ಲಿ, ಜುಲೈ ತಿಂಗಳ ಒಂದು ಬುಧವಾರ ಹನ್ನೊಂದು ಗಂಟೆಗೆ. ಅದು ತಪ್ಪಿದರೆ ಮತ್ತೊಂದು ಸಿಗುವುದು ಸೆಪ್ಟೆಂಬರ್ ಕೊನೆಗೆ. ಅಷ್ಟರಲ್ಲಿ ತರಗತಿ ಶುರುವಾಗಿ, ಸೀಟು ಪಟ್ಟಿಯಲ್ಲಿ ಮುಂದಿರುವವರ ಪಾಲಾಗಿರುತ್ತದೆ.

ಮಂಗಳವಾರ ಮಧ್ಯಾಹ್ನ ಕುಮುದಾ ಒಂದು ದಪ್ಪ ಫೈಲನ್ನು ನನ್ನ ಕೈಗೆ ಕೊಟ್ಟಳು. "ಪಟ್ಟೀಲಿರೋ ಹಾಗೆ ಜೋಡಿಸಿಡಿ. ಅಷ್ಟೇ. ಬೇರೇನೂ ಮಾಡಬೇಡಿ" ಎಂದು ಹೇಳಿ ಲೈಬ್ರರಿಗೆ ಹೋದಳು.

ನಾನು ಬೇರೇನೂ ಮಾಡಬಾರದೆಂದೇ ಕುಳಿತಿದ್ದೆ. ದೇವರಾಣೆಗೂ. ಎಲ್ಲವನ್ನೂ ಜೋಡಿಸಿದೆ. ನಾಳೆ ಶುಭಕಾರ್ಯವಲ್ಲವೇ ಎಂದು ಆ ಮಹಾಮಹಿಮ ಪತ್ರವನ್ನು ದೇವರ ಮುಂದಿಟ್ಟು, ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿದೆ. ಹಚ್ಚಿದ ಮೇಲೆ ಭಯ ಶುರುವಾಯಿತು. ಕುಂಕುಮ ಉದುರಿ ಅಕ್ಷರದ ಮೇಲೆ ಬಿದ್ದರೆ? ದಾರಿಯಲ್ಲಿ ಕಾಫಿ ಚೆಲ್ಲಿದರೆ? ನನ್ನದೇ ಅಂಗೈ ಬೆವರು ತಾಗಿದರೆ?

ಆಗ ನನ್ನ ಕಣ್ಣು ಮೂಲೆಯಲ್ಲಿದ್ದ ಲ್ಯಾಮಿನೇಷನ್ ಮೆಷಿನ್ನಿನ ಮೇಲೆ ಬಿತ್ತು.

ಈ ಯಂತ್ರವನ್ನು ನಾನು ಕೊರೊನಾ ಕಾಲದಲ್ಲಿ ಕೊಂಡದ್ದು. ನಮ್ಮ ತಲೆಮಾರಿನವರಿಗೆ ಗೊತ್ತಿರುತ್ತದೆ: ಮಾರ್ಕ್ಸ್ ಕಾರ್ಡು ಕೈಗೆ ಬಂದ ದಿನವೇ ಲ್ಯಾಮಿನೇಷನ್ ಮಾಡಿಸದ ತಂದೆ ತಂದೆಯೇ ಅಲ್ಲ. ಆ ಸಂಪ್ರದಾಯವನ್ನು ನಾನು ಅಮೆರಿಕಾದಲ್ಲಿಯೂ ಉಳಿಸಿಕೊಂಡು ಬಂದಿದ್ದೇನೆ. ವ್ಯಾಕ್ಸಿನ್ ಕಾರ್ಡು, ವಾಷಿಂಗ್ ಮೆಷಿನ್ನಿನ ಗ್ಯಾರಂಟಿ, ಸತ್ಯನಾರಾಯಣ ಪೂಜೆಯ ಸಾಮಾನಿನ ಪಟ್ಟಿ, ಎಲ್ಲವೂ ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ಕಿನೊಳಗೆ ಚಿರಂಜೀವಿಗಳು. ಕುಮುದಾ ಮಾತ್ರ ಪ್ರತಿಸಲವೂ ಹಣೆ ಚಚ್ಚಿಕೊಳ್ಳುತ್ತಾಳೆ. "ಕಾಗದ ಉಸಿರಾಡಬೇಕು ರೀ. ಪ್ಲಾಸ್ಟಿಕ್ ಹಾಕಿದ್ರೆ ಅದು ಸತ್ತ ಹಾಗೆ" ಎನ್ನುತ್ತಾಳೆ. ಕಾಗದ ಉಸಿರಾಡುವುದನ್ನು ನಾನಂತೂ ಕಂಡಿಲ್ಲ.

ಪಿನ್ನು ಅಡ್ಡ ಬಂದು ಹಾಳೆಗಳು ಮೆಷಿನ್ನಿನೊಳಗೆ ಹೋಗಲಿಲ್ಲ. ಪಿನ್ನು ಕಿತ್ತೆ. ಆಮೇಲೆ ಎರಡೂ ಹಾಳೆ ಒಂದಾದ ಮೇಲೊಂದು ಒಳಗೆ ಹೋಗಿ, ಬೆಚ್ಚಗೆ, ಗಟ್ಟಿಯಾಗಿ, ಕುಂಕುಮ ಸಮೇತ ಫಳಫಳ ಹೊಳೆಯುತ್ತಾ ಹೊರಗೆ ಬಂದವು. ಇನ್ನು ಸುನಾಮಿ ಬಂದರೂ ಚಿಂತೆಯಿಲ್ಲವೆಂದು ಎದೆಯುಬ್ಬಿಸಿ, ವೀಸಾ ಕಚೇರಿಯ ಪಟ್ಟಿಯನ್ನು ಕೊನೆಯದಾಗಿ ಒಮ್ಮೆ ಓದಿದೆ. ಅದರ ಕೊನೆಯ ಸಾಲಿನಲ್ಲಿ ಹೀಗಿತ್ತು: ಲ್ಯಾಮಿನೇಷನ್ ಮಾಡಿದ ಅಥವಾ ಪಿನ್ನು ತೆಗೆದ ದಾಖಲೆಗಳನ್ನು ಸ್ವೀಕರಿಸಲಾಗುವುದಿಲ್ಲ.

ಕಾಲ ಕೆಳಗಿನ ನೆಲವೇ ಕುಸಿಯಿತು. (ಭೂಕಂಪವಲ್ಲ. ಬೂಟು ಹಾಕಿಕೊಂಡರೂ ಪ್ರಯೋಜನವಿರಲಿಲ್ಲ.)

ಒಂದು ನಿಜ ಹೇಳಿಬಿಡುತ್ತೇನೆ, ಯಾರಿಗೂ ಹೇಳಬೇಡಿ. ಆ ನಡುಕದ ಮಧ್ಯೆ ಒಂದು ಹತ್ತು ಸೆಕೆಂಡು ನನಗೆ ಸಂತೋಷವಾಯಿತು. ಇನ್ನು ಅವಳು ಎಲ್ಲಿಗೂ ಹೋಗುವುದಿಲ್ಲ ಎಂಬ ಸಂತೋಷ. ಹನ್ನೊಂದನೆಯ ಸೆಕೆಂಡಿಗೆ, ಸ್ಪ್ಯಾನಿಷ್ ಪದಗಳನ್ನು ಬರೆದು ಅವಳು ಫ್ರಿಜ್ಜಿಗೆ ಅಂಟಿಸಿದ್ದ ಚೀಟಿಗಳು ಕಣ್ಣಿಗೆ ಬಿದ್ದವು. ಹಾಲು, ಉಪ್ಪು, ಕಿಟಕಿ, ನಾನು ವಿದ್ಯಾರ್ಥಿನಿ. ಸಂತೋಷ ಅಲ್ಲಿಗೆ ಮುಗಿಯಿತು.

ಎರಡು ಬೀದಿ ಆಚೆಗಿರುವ ಗೆಳೆಯ ರಹಮತುಲ್ಲಾನಿಗೆ ಫೋನು ಮಾಡಿದೆ. ಮೈಸೂರಿನವನು, ಯಾವ ಯಂತ್ರ ಕೊಟ್ಟರೂ ಬಿಚ್ಚಿ ಜೋಡಿಸುತ್ತಾನೆ.

"ರಹಮತ್, ಲ್ಯಾಮಿನೇಷನ್ ಬಿಡಿಸೋದು ಹೇಗಪ್ಪಾ?"

"ಬಿಡ್ಸೋಕಾಗಲ್ಲ ಉದಯಣ್ಣ. ಅದಕ್ಕೇ ಅದನ್ನ ಮಾಡೋದು. ಯಾಕೆ, ಏನ್ ಹಾಕಿದ್ರಿ?"

ಹೇಳಿದೆ. ಹಿಂದಿನಿಂದ ಅವನ ಹೆಂಡತಿ ರೆಹಾನಾ ಕೆಮ್ಮಿದ ಹಾಗೆ ಕೇಳಿಸಿತು. ಕೆಮ್ಮು ನಿಲ್ಲಲೇ ಇಲ್ಲ. "ಅಣ್ಣಾ, ಅತ್ತಿಗೆಗೆ ಹೇಳ್ಬಿಡಿ" ಎಂದ ರಹಮತ್, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ. ಲಾಂಗ್ ಬೀಚಿಗೆ ಫೋನು ಮಾಡಿದರೆ ಮಗಳು, "ಡ್ಯಾಡ್! ಯು ಡಿಡ್ ವಾಟ್? ಜಸ್ಟ್ ಟೆಲ್ ಹರ್!" ಎಂದು ಕಿರುಚಿ ಇಟ್ಟುಬಿಟ್ಟಳು.

ಹೇಳುವುದೇ? ನಾನೇ? ಬದಲಿಗೆ ಇಸ್ತ್ರಿಪೆಟ್ಟಿಗೆ ತೆಗೆದುಕೊಂಡು, ಶಾಖಕ್ಕೆ ಪ್ಲಾಸ್ಟಿಕ್ ಬಿಟ್ಟೀತೆಂದು ಒತ್ತಿದೆ. ಪ್ಲಾಸ್ಟಿಕ್ ಬಿಡಲಿಲ್ಲ. ಕುಂಕುಮ ಕರಗಿ ಹರಡಿ, ಅಮೆರಿಕಾ ಸರ್ಕಾರದ ಹದ್ದಿನ ಮುಖವೆಲ್ಲ ಕೆಂಪಗಾಗಿ, ಹೋಳಿ ಆಡಿ ಬಂದ ಹದ್ದಿನಂತೆ ಕಂಡಿತು. ಅದನ್ನು ಫೈಲಿನ ತಳಕ್ಕೆ ತುರುಕಿ, ಸಂಜೆ ಬಂದ ಕುಮುದಾಳಿಗೆ ಕಾಫಿ ಮಾಡಿಕೊಟ್ಟೆ. ಕೇಳದೆಯೇ ಕಾಫಿ ಸಿಕ್ಕಿದ್ದಕ್ಕೆ ಅವಳು ನನ್ನನ್ನು ಒಮ್ಮೆ ನೋಡಿ ಲೋಟ ಎತ್ತಿಕೊಂಡಳು.

ಬೆಳಿಗ್ಗೆ ಏಳಕ್ಕೆ ಹೊರಡುವಾಗ ರೆಹಾನಾ ಬಂದು, ಟವೆಲ್ಲಿನಲ್ಲಿ ಸುತ್ತಿದ ಒಂದು ಚಪ್ಪಟೆ ಡಬ್ಬಿಯನ್ನು ಕುಮುದಾಳ ಕೈಗಿಟ್ಟಳು. "ದಾರೀಗೆ ಇರ್ಲಿ ಅಕ್ಕಾ" ಎಂದು ನನ್ನ ಮುಖ ನೋಡಿದವಳೇ ಮತ್ತೆ ಕೆಮ್ಮುತ್ತಾ ಓಡಿದಳು. ಪಾಪ, ಯಾವುದೋ ವೈರಸ್ ಇರಬೇಕೆಂದು ನಾನು ಮಾಸ್ಕ್ ಹಾಕಿಕೊಂಡೆ. ಕುಮುದಾ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಹೆದರಿಕೆಗೆ ನನಗೆ ವಿಪರೀತ ಹಸಿವು. ಹಸಿವೆಂದರೂ ಅವಳು ಡಬ್ಬಿ ತೆಗೆಯಲಿಲ್ಲ.

ಓಶನ್‌ಸೈಡ್ ದಾಟಿದ ಮೇಲೆ ಹೊಸ ಭಯ ಹತ್ತಿಕೊಂಡಿತು. ಮುಂದೆ ಹೆದ್ದಾರಿಯಲ್ಲಿ ಇಮಿಗ್ರೇಷನ್ನಿನವರ ತಪಾಸಣೆಯ ಠಾಣೆ ಇದೆ. ಇಷ್ಟು ವರ್ಷದಲ್ಲಿ ನಮ್ಮನ್ನು ಯಾರೂ ತಡೆದಿಲ್ಲ. ಇವತ್ತೇ ತಡೆದು, ಫೈಲು ಬಿಚ್ಚಿ, "ಸರ್ಕಾರಿ ಹದ್ದಿಗೆ ಬಣ್ಣ ಬಳಿದವರು ಯಾರು?" ಎಂದರೆ? ಸ್ಟಿಯರಿಂಗ್ ಕೈಯಲ್ಲಿ ಜಾರತೊಡಗಿತು. ದಾರಿ ಪಕ್ಕದ ವಿಶ್ರಾಂತಿ ತಾಣ ಕಂಡದ್ದೇ ಕಾರನ್ನು ಒಳಗೆ ನುಗ್ಗಿಸಿ ನಿಲ್ಲಿಸಿದೆ.

"ಕುಮುದಾ, ನಾನು ಹಾಳು ಮಾಡ್ಬಿಟ್ಟೆ ಕಣೇ."

ಶುರು ಮಾಡಿದ ಮೇಲೆ ನನಗೆ ನಿಲ್ಲಿಸಲಾಗಲಿಲ್ಲ. ಪಿನ್ನು, ಪ್ಲಾಸ್ಟಿಕ್ಕು, ಇಸ್ತ್ರಿಪೆಟ್ಟಿಗೆ, ಎಲ್ಲ ಹೇಳಿದೆ. ಆ ಹತ್ತು ಸೆಕೆಂಡಿನ ಸಂತೋಷವನ್ನೂ ಹೇಳಿದೆ. ಬಾಯಿ ತೆರೆದದ್ದೇ ತೆರೆದದ್ದು, ಅವಳ ಅಜ್ಜಿ ಕೊಟ್ಟ ತಾಮ್ರದ ಚೊಂಬನ್ನು ಸಮುದ್ರ ತೀರದಲ್ಲಿ ಕಳೆದು ಬಂದು, ಮನೆ ಸಾಮಾನು ಸಾಗಿಸುವವರ ಮೇಲೆ ತಪ್ಪು ಹೊರಿಸಿದ್ದು ನಾನೇ ಎಂದೆ. ಅವಳಿಗೆ ಜೊತೆಯಾಗಲೆಂದು ಫೋನಿನ ಆ್ಯಪಿನಲ್ಲಿ ದಿನಾ ಸ್ಪ್ಯಾನಿಷ್ ಪಾಠ ಮಾಡುತ್ತಿದ್ದದ್ದು ನಾನಲ್ಲ, ನನ್ನ ಹೆಸರಿನಲ್ಲಿ ನಿಕಿತಾ ಎಂದೆ.

"ಗೂಳಿ ಗೀಳಿ ಎಲ್ಲ ಸುಳ್ಳು ಕಣೇ. ಆ ಮನೇಲಿ ನೀನಿಲ್ದೆ ಒಬ್ನೇ ಇರೋಕೆ ನಂಗೆ ಭಯ. ಅಷ್ಟೇ. ಆದ್ರೆ ನೀನು ಹೋಗ್ಬೇಕು. ಇವತ್ತು ಹೇಗಾದ್ರೂ ವೀಸಾ ಆಗ್ಲಿ, ನಾನೇ ವಿಮಾನ ಹತ್ತಿ ನಿನ್ನ ನೋಡೋಕೆ ಬರ್ತೀನಿ. ಎಷ್ಟು ವಿಮಾನ ಬದಲಾಯಿಸ್ಬೇಕಾದ್ರೂ ಸರಿ!"

ಹೆದರಿದವನು ಹರಕೆ ಹೊರುವಾಗ ಹಿಂದುಮುಂದು ನೋಡುವುದಿಲ್ಲ. ಕುಮುದಾ ಬ್ಯಾಗಿನಿಂದ ಪುಟ್ಟ ನೋಟ್‌ಬುಕ್ಕು ತೆಗೆದು ಏನನ್ನೋ ಬರೆದುಕೊಳ್ಳುತ್ತಿದ್ದಳು.

"ಏನೇ ಬರೀತಿದೀಯ?"

"ಏನಿಲ್ಲ. ಗಾಡಿ ತೆಗೀರಿ, ಹೊತ್ತಾಗುತ್ತೆ."

ವಕೀಲರ ನಂಬರೇ ಇರಬೇಕು ಎಂದುಕೊಂಡೆ. ಠಾಣೆಯಲ್ಲಿ ಅವತ್ತು ಒಂದು ನರಪಿಳ್ಳೆಯೂ ಇರಲಿಲ್ಲ.

ವೀಸಾ ಕಚೇರಿಯಲ್ಲಿ ನಮ್ಮ ನಂಬರು ಕೂಗಿದ ಕೂಡಲೇ ಕುಮುದಾಳಿಗಿಂತ ಮುಂಚೆ ನಾನೇ ಕಿಟಕಿಗೆ ಹಾರಿದೆ. "ಮೇಡಂ, ಐ ಡಿಡ್ ಇಟ್! ಶೀ ಈಸ್ ಇನ್ನೊಸೆಂಟ್!" ಎಂದು ಎರಡೂ ಕೈ ಜೋಡಿಸಿದೆ. ಪೊಲೀಸ್ ಪತ್ರ ಪರೀಕ್ಷಿಸುವ ಹೆಂಗಸಿನ ಮುಂದೆ ಆಡುವ ಮಾತೇ ಇದು? ಆಕೆ ಕುರ್ಚಿಯನ್ನು ಅರ್ಧ ಅಡಿ ಹಿಂದಕ್ಕೆ ಸರಿಸಿದಳು. ಬಾಗಿಲ ಬಳಿಯಿದ್ದ ಕಾವಲುಗಾರ ನೆಟ್ಟಗಾದ.

ಕುಮುದಾ ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ರೆಹಾನಾ ಕೊಟ್ಟ ಡಬ್ಬಿಯ ಟವೆಲ್ಲು ಬಿಚ್ಚಿ ಮುಚ್ಚಳ ತೆರೆದಳು. ಅದರಲ್ಲಿ ತಿಂಡಿ ಇರಲಿಲ್ಲ. ತೆಳುವಾದ ಬಿಳಿ ಬಟ್ಟೆಯ ನಡುವೆ, ಪಿನ್ನು ಸಮೇತ, ಉಬ್ಬು ಮುದ್ರೆ ಸಮೇತ, ಪೊಲೀಸ್ ಪತ್ರವೂ ಅಪೊಸ್ಟಿಲ್ಲೂ ಹಾಯಾಗಿ ಉಸಿರಾಡುತ್ತಾ ಮಲಗಿದ್ದವು.

ಆ ಹೆಂಗಸು ನೋಡಿ, ಬೆರಳಾಡಿಸಿ, ತಲೆಯಾಡಿಸಿ ಪಕ್ಕಕ್ಕಿಟ್ಟುಕೊಂಡಳು. ಆಮೇಲೆ ನನ್ನ ಕಡೆ ಕಣ್ಣು ಹಾಯಿಸಿ, ಈತನೂ ಅರ್ಜಿ ಹಾಕುತ್ತಿದ್ದಾನೆಯೇ ಎಂದು ಸ್ಪ್ಯಾನಿಷ್‌ನಲ್ಲಿ ಕೇಳಿರಬೇಕು. ಕುಮುದಾ ಕೊಟ್ಟ ಉತ್ತರದಲ್ಲಿ ನನಗೆ ಅರ್ಥವಾದ ಪದ ಒಂದೇ: ಚೋಫೆರ್ ಎಂಬಂಥದ್ದು, ಅಂದರೆ ಡ್ರೈವರ್.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕುಳಿತೆ. "ಹಾಗಾದ್ರೆ ನಾನು ಹಾಳು ಮಾಡಿದ್ದು?"

"ಕಲರ್ ಜೆರಾಕ್ಸ್. ಪಿನ್ನೂ ನಾನೇ ಹೊಡೆದಿದ್ದು. ನೀವು ಸುಮ್ನಿರಲ್ಲ, ಕೈಗೇನಾದ್ರೂ ಕೆಲಸ ಬೇಕು ಅಂತ ಕೊಟ್ಟೆ. ಒರಿಜಿನಲ್ ಬಂದ ದಿನಾನೇ ರೆಹಾನಾ ಮನೇಲಿಟ್ಟೆ. ಲ್ಯಾಮಿನೇಷನ್ ಮೆಷಿನ್ ಇರೋ ಮನೇಲಿ ಅದನ್ನ ಇಡ್ತಾರೇನ್ರೀ?"

"ಮತ್ತೆ ಅಲ್ಲಿ ಕಾರಲ್ಲಿ ನಾನು ಆ ಪಾಟಿ ಒದ್ದಾಡ್ತಿದ್ರೆ ಹೇಳಬಾರದಿತ್ತೇನೇ?"

"ಇಪ್ಪತ್ತೈದು ವರ್ಷದಲ್ಲಿ ಮೊದಲನೇ ಸಲ ಮನಸ್ಸು ಬಿಚ್ಚಿ ಮಾತಾಡ್ತಿದ್ರಿ. ಮಧ್ಯೆ ಬಾಯಿ ಹಾಕೋದು ಸರಿಯಲ್ಲ ಅಂತ ಸುಮ್ನಿದ್ದೆ" ಎಂದವಳು, ನನ್ನ ಪಕ್ಕ ಕುಳಿತು ಭುಜಕ್ಕೆ ಭುಜ ತಾಗಿಸಿದಳು. "ಆ ಚೊಂಬಿನ ವಿಷಯ ಮಾತ್ರ ಮನೆಗೆ ಹೋಗಿ ಮಾತಾಡೋಣ."

ವೀಸಾ ಬಂತು. ಸೆಪ್ಟೆಂಬರಿನಲ್ಲಿ ಅವಳು ಹೊರಡುವ ಹಿಂದಿನ ದಿನ, ದುಂಡಗೆ ಬರೆದ ಒಂದು ಹಾಳೆಯನ್ನು ನನ್ನ ಮುಂದಿಟ್ಟು ಸಹಿ ಮಾಡಿಸಿದಳು. ವಿಶ್ರಾಂತಿ ತಾಣದಲ್ಲಿ ನಾನು ಒಪ್ಪಿಕೊಂಡದ್ದೆಲ್ಲ ಅದರಲ್ಲಿತ್ತು: ಹತ್ತು ಸೆಕೆಂಡಿನ ಸಂತೋಷ, ಚೊಂಬು, ನಿಕಿತಾಳ ಸ್ಪ್ಯಾನಿಷ್ ಪಾಠ. "ಒಬ್ಬರೇ ಇರಲು ಭಯ" ಎಂಬುದರ ಎದುರಿಗೆ, "ದಿನಾ ಮಧ್ಯಾಹ್ನ ಒಂದು ಗಂಟೆಗೆ ಫೋನ್ ಊಟ" ಎಂದಿತ್ತು. ಕೊನೆಯಲ್ಲಿ ನನ್ನ ಹರಕೆ, ಅದರ ಪಕ್ಕದಲ್ಲಿ ಡಿಸೆಂಬರ್ ಹದಿನೆಂಟನೆಯ ತಾರೀಕಿನ ಮೂರು ವಿಮಾನಗಳ ನಂಬರು.

"ಈಗ ಹಾಕಿ ನಿಮ್ಮ ಲ್ಯಾಮಿನೇಷನ್. ಈ ಕಾಗದ ಒಂದು ಉಸಿರಾಡದಿದ್ರೂ ಪರವಾಗಿಲ್ಲ, ಹಾಳಾಗಬಾರದು."

ಈಗ ಅದು ಫ್ರಿಜ್ಜಿನ ಮೇಲೆ, ಅವಳ ಚೀಟಿಗಳ ಪಕ್ಕದಲ್ಲಿ ಹೊಳೆಯುತ್ತಿದೆ. ಒಂದು ಗಂಟೆಯ ಊಟ ಇದುವರೆಗೆ ಒಂದು ದಿನವೂ ತಪ್ಪಿಲ್ಲ. ಆದರೆ ಡಿಸೆಂಬರ್ ಹತ್ತಿರ ಬರುತ್ತಿದ್ದಂತೆ ನನ್ನ ಅಂಗೈ ಬೆವರತೊಡಗಿದೆ. ನಿನ್ನೆ ಪೆನ್ನು ತೆಗೆದುಕೊಂಡು, ಮೂರು ವಿಮಾನಗಳ ಪೈಕಿ ಎರಡನ್ನಾದರೂ ಹೊಡೆದುಹಾಕೋಣವೆಂದು ಗೀಚಿ ನೋಡಿದೆ. ನಾನೇ ಹಾಕಿದ ಪ್ಲಾಸ್ಟಿಕ್ಕು, ಅದರ ಮೇಲೆ ಶಾಯಿ ಹಿಡಿಯುವುದಿಲ್ಲ.