ಮಸ್ಕತ್ತಿನ ಬಚ್ಚಲಲ್ಲಿ ಮುಂಗಾರು

"ಊರು ಬಿಟ್ಟರೇನು, ಮಳೆ ಬಿಡೋ ಮಗ ನಾನಲ್ಲ!"

ಮಸ್ಕತ್ತಿನ ವಿಮಾನ ನಿಲ್ದಾಣದಿಂದ ಮನೆಗೆ ಹೋಗುವ ಟ್ಯಾಕ್ಸಿಯಲ್ಲಿ ಯೋಗೇಶ ಹೀಗೆಂದು ಘೋಷಿಸಿದ. ತೊಂಬತ್ತೆಂಟರ ಆಗಸ್ಟ್ ತಿಂಗಳು. ಹೊರಗೆ ರಸ್ತೆ ಕಾದ ಕಾವಲಿಯಾಗಿತ್ತು, ದೋಸೆ ಹುಯ್ಯುವುದೊಂದು ಬಾಕಿ. ಟ್ಯಾಕ್ಸಿಯವನಿಗೆ ಕನ್ನಡ ಬಾರದ್ದರಿಂದ ಅವನು ಗಾಬರಿಯಾಗಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ ಪವಿತ್ರಾಗೆ ಬರುತ್ತಿತ್ತು. ಅವಳು ಗಾಬರಿಯಾದಳು.

ಕಾರಣವಿತ್ತು. ಮಲೆನಾಡಿನ ತನ್ನೂರು ಗೋಣಿಬೀಡಿನಲ್ಲಿ ಒಂದು ತಿಂಗಳು ರಜೆ ಕಳೆದು, ಮಳೆಯಲ್ಲಿ ನೆನೆದು, ಶೀತ ಹಿಡಿಸಿಕೊಂಡು, ಆ ಶೀತವನ್ನೂ ಊರಿನ ಪ್ರಸಾದವೆಂದು ಜೋಪಾನವಾಗಿ ತಂದಿದ್ದ ಯೋಗೇಶ, ಅದರ ಜೊತೆಗೆ ಇನ್ನೊಂದನ್ನೂ ತಂದಿದ್ದ. ಅವನ ಅವ್ವ ಸಿದ್ದಮ್ಮ ಹಲಸಿನ ಮರದ ಕೊಂಬೆಯಿಂದ ಪಾಚಿ ಸಮೇತ ಕಿತ್ತುಕೊಟ್ಟ ಮರಕೆಸದ ಗೆಡ್ಡೆಗಳು! ಮಳೆಗಾಲದಲ್ಲಿ ಮರದ ಮೇಲೇ ಚಿಗುರುವ ಈ ಕೆಸದ ಎಲೆಯಲ್ಲಿ ಪತ್ರೊಡೆ ಮಾಡಿ ತಿಂದವನಿಗೆ ಸ್ವರ್ಗದ ಊಟವೂ ಸಪ್ಪೆ ಎಂಬುದು ಯೋಗೇಶನ ಸಿದ್ಧಾಂತ. ಗೆಡ್ಡೆಗಳು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು, ಪವಿತ್ರಾಳ ಎರಡು ರೇಷ್ಮೆ ಸೀರೆಗಳ ಮಧ್ಯೆ ಮಲಗಿ, ಸಮುದ್ರೋಲ್ಲಂಘನ ಮಾಡಿದ್ದವು.

ಮನೆ ಮುಟ್ಟಿದ್ದೇ ತಡ, ಯೋಗೇಶ ಬಚ್ಚಲಿಗೆ ನುಗ್ಗಿದ. ಒಂದು ಬಕೆಟ್ಟಿನಲ್ಲಿ ಮರದ ತುಂಡು ನಿಲ್ಲಿಸಿ, ಅದಕ್ಕೆ ಪಾಚಿ ಸುತ್ತಿ, ಗೆಡ್ಡೆ ಕಟ್ಟಿ, ಷವರಿನ ಕೆಳಗಿಟ್ಟು ನಲ್ಲಿ ತಿರುಗಿಸಿದ. ಮುಂಗಾರು ಆರಂಭ!

"ಎಂತ ಮಾರಾಯ್ರೆ ಇದು? ನಾನು ಸ್ನಾನ ಎಲ್ಲಿ ಮಾಡ್ಲಿ?"

"ಮಳೇಲಿ ಮಾಡು. ಊರಲ್ಲಿ ನೆನೀತಿರ್ಲಿಲ್ವಾ?"

"ಹಲ್ಲುಜ್ಜೋವಾಗ ನೆನೀತಿರ್ಲಿಲ್ಲ!"

ಮಾರನೆಯ ದಿನದಿಂದ ಪವಿತ್ರಾ ಕೊಡೆ ಹಿಡಿದುಕೊಂಡೇ ಹಲ್ಲುಜ್ಜತೊಡಗಿದಳು. ಕಟ್ಟಡದ ವಾಚ್‌ಮನ್ ಬಂದು, ಟ್ಯಾಂಕಿನ ನೀರೆಲ್ಲ ಎಲ್ಲಿಗೆ ಹೋಗುತ್ತಿದೆಯೆಂದು ಮನೆಮನೆಯಲ್ಲೂ ವಿಚಾರಿಸಿದ. ಯೋಗೇಶ ಎಲ್ಲರಿಗಿಂತ ಜೋರಾಗಿ "ಛೆ ಛೆ, ಎಂಥ ಜನ!" ಎಂದು ಲೊಚಗುಟ್ಟಿದ. ಆದರೆ ಮಳೆ ಮಾತ್ರ ನಿಲ್ಲಲಿಲ್ಲ. ತಿಂಗಳಾಗುವಷ್ಟರಲ್ಲಿ ಅಂಗೈಯಗಲದ ಎಲೆಗಳು ಮೂಡಿದವು. ಯೋಗೇಶ ಬಚ್ಚಲ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕುಳಿತು, ಮೂಡಿಗೆರೆಯ ಎಸ್ಟೇಟನ್ನೇ ಕೊಂಡವನ ಹಾಗೆ ಅವನ್ನು ನೋಡುತ್ತಿದ್ದ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಾಯಿ ಸುಮ್ಮನಿರಬೇಕಲ್ಲ!

ಅವನ ಕಂಪನಿಯ ಮ್ಯಾನೇಜರು ಸೋಮಶೇಖರಪ್ಪನವರು ಬಯಲುಸೀಮೆಯ ಕಡೂರಿನ ಕಡೆಯವರು. ಜಿಲ್ಲೆ ಒಂದೇ, ಮೋಡ ಬೇರೆ. ಒಂದು ದಿನ ಅವರೆದುರೇ ಯೋಗೇಶ, "ನಿಮ್ಮ ಕಡೆ ಮಳೆ ಅನ್ನೋದನ್ನ ನಮ್ಮ ಕಡೆ ಇಬ್ಬನಿ ಅಂತಾರೆ ಸಾರ್!" ಎಂದು ನಕ್ಕ. ಅವರು ನಗಲಿಲ್ಲ. ಯೋಗೇಶ ಅರ್ಧ ನಗುವಿನಲ್ಲೇ ಬಾಯಿ ಮುಚ್ಚಿಕೊಂಡ. ಏಕೆಂದರೆ ಅವನಿಗೆ ಸಿಕ್ಕಿದ್ದ ಕಂಪನಿ ಫ್ಲ್ಯಾಟು ತಾತ್ಕಾಲಿಕ. ಅದು ಕಾಯಂ ಆಗಲು ಸೋಮಶೇಖರಪ್ಪನವರ ಸಹಿ ಬೀಳಬೇಕು. ಬೀಳದಿದ್ದರೆ ಯೋಗೇಶ ಒಂಟಿ ಗಂಡಸರ ಕ್ಯಾಂಪಿನ ಮಂಚಕ್ಕೆ, ಪವಿತ್ರಾ ಆಲ್ದೂರಿನ ತವರಿಗೆ! ಮದುವೆಯಾದಾಗಿನಿಂದ ಅವರಿಬ್ಬರೂ ಎದುರಿಗೆ ಕುಳಿತು ಮಾತಾಡಿದ್ದಕ್ಕಿಂತ ಫೋನಿನಲ್ಲಿ "ಕೇಳ್ತಿದ್ಯಾ? ಕೇಳ್ತಿದ್ಯಾ?" ಎಂದು ಕೂಗಿಕೊಂಡಿದ್ದೇ ಹೆಚ್ಚು. ಆ ಬಾಳು ಮತ್ತೆ ಬೇಡವೆಂದು ಅವನಿಗೆ ನಿಜವಾಗಿಯೂ ಅಳು ಬರುವಷ್ಟು ಅನಿಸುತ್ತಿತ್ತು.

ಕೆಟ್ಟಿದ್ದನ್ನು ಸರಿಮಾಡಲು ಅವನು ತಕ್ಷಣ, "ಶುಕ್ರವಾರ ರಜೆ ಇದೆಯಲ್ಲ ಸಾರ್, ಅಮ್ಮಾವ್ರನ್ನೂ ಕರ್ಕೊಂಡು ಊಟಕ್ಕೆ ಬನ್ನಿ. ಅಸಲಿ ಮರಕೆಸದ ಪತ್ರೊಡೆ!" ಎಂದುಬಿಟ್ಟ.

ಶುಕ್ರವಾರ ಮಧ್ಯಾಹ್ನ ಸೋಮಶೇಖರಪ್ಪನವರು ಬಿಳಿ ಪ್ಯಾಂಟು ತೊಟ್ಟು, ಮಡದಿ ಶಿವಗಂಗಮ್ಮನವರ ಜೊತೆ ಬಂದರು. ಬಂದವರೇ ಇಬ್ಬರೂ ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು. ಒಳಗಿಂದ "ಏನ್ರೀ ಇದು, ಇಲ್ಲಿ ಕಾಡು ಬೆಳೆದಿದೆ!" ಎಂಬ ಸೋಮಶೇಖರಪ್ಪನವರ ಉದ್ಗಾರ ಕೇಳಿಸಿತು. ಯೋಗೇಶ ಹೆಮ್ಮೆಯಿಂದ ಬೀಗಿದ.

ಊಟ ಸಾಂಗವಾಗಿ ನಡೆಯಿತು. ಅಗಲವಾದ ಎಲೆಗಳಿಗೆಲ್ಲ ಅಕ್ಕಿ, ಹುಣಸೆ, ಮೆಣಸಿನಕಾಯಿ ರುಬ್ಬಿದ ಹಿಟ್ಟು ಸವರಿ, ಸುತ್ತಿ, ಪವಿತ್ರಾ ಬೇಯಿಸಿಟ್ಟಿದ್ದಳು. ಶಿವಗಂಗಮ್ಮ ಬಾಯಿ ಚಪ್ಪರಿಸಿ, "ಏನು ರುಚಿ ಕಣಮ್ಮ! ರೀ, ಇವರ ಮನೆ ವಿಷಯ ಇನ್ನೂ ಯಾಕೆ ಇಟ್ಕೊಂಡಿದೀರ? ಸಹಿ ಹಾಕಿ ಮುಗಿಸಿ" ಎಂದರು. ಸೋಮಶೇಖರಪ್ಪನವರು ತಲೆಯಾಡಿಸಿದರು. ಯೋಗೇಶನಿಗೆ ಸ್ವರ್ಗಕ್ಕೆ ಮೂರೇ ಗೇಣು!

"ಅಯ್ಯಯ್ಯೋ! ರೀ, ನಿಮ್ಮ ಕಾಲು! ರಕ್ತ!" ಎಂದು ಅಷ್ಟರಲ್ಲಿ ಶಿವಗಂಗಮ್ಮ ಕಿರುಚಿದರು.

ಬಿಳಿ ಪ್ಯಾಂಟಿನ ಅಂಚು ಕೆಂಪಾಗಿತ್ತು. ಸೋಮಶೇಖರಪ್ಪನವರ ಮುಖ ಬೆಳ್ಳಗಾಗಿತ್ತು. ಯೋಗೇಶ ಮಂಡಿಯೂರಿ ಪ್ಯಾಂಟು ಮೇಲೆತ್ತಿದ. ಮೀನಖಂಡದ ಮೇಲೆ, ಹೊಟ್ಟೆ ತುಂಬ ಕುಡಿದು ನೇರಳೆಹಣ್ಣಿನಂತೆ ಉಬ್ಬಿ, ಪಾಚಿಯಲ್ಲಿ ಅಡಗಿ ವೀಸಾ ಇಲ್ಲದೆ ಬಂದಿದ್ದ ಒಂದು ಕಾಡಿನ ಜಿಗಣೆ, ಇಂಬಳ!

ಆಗ ಯೋಗೇಶ ಏನು ಮಾಡಬೇಕಿತ್ತು? ಕ್ಷಮೆ ಕೇಳಬೇಕಿತ್ತು. ಕಿತ್ತೆಸೆಯಬೇಕಿತ್ತು. ಆದರೆ ಅವನ ಕಣ್ಣು ತುಂಬಿ ಬಂತು. ಈ ಮರಳು ರಾಜ್ಯದಲ್ಲಿ ತನ್ನೂರಿನ ಒಂದು ಜೀವ!

"ಪವೀ, ಬಾರೇ ಇಲ್ಲಿ! ನಮ್ಮೂರ ಇಂಬಳ ಕಣೇ! ಪಾಪ, ಎಷ್ಟು ದಿನದಿಂದ ಉಪವಾಸ ಇತ್ತೋ!"

"ಪಾಪಾನಾ?" ಸೋಮಶೇಖರಪ್ಪನವರು ಗುಡುಗಿದರು. "ಊಟ ಆಯ್ತಾ ಅಂತಾನೂ ಕೇಳ್ರಿ ಅದನ್ನ! ಆಗಿದೆ! ನನ್ನ ಕಾಲಲ್ಲೇ ಆಗಿದೆ!"

ಪವಿತ್ರಾ ಓಡಿಬಂದು ಅದರ ಮೇಲೆ ಉಪ್ಪು ಸುರಿದಳು. ಇಂಬಳ ಪಟಕ್ಕನೆ ಉದುರಿತು. ಯೋಗೇಶ ಅದನ್ನು ಕೈಗೆ ಸಿಕ್ಕಿದ ಲೋಟದಲ್ಲಿ ಹಿಡಿದುಕೊಂಡ.

"ರೀ, ಅದು ನನ್ನ ಕಾಫಿ ಲೋಟ!"

"ತೊಳೆದರಾಯ್ತು ಬಿಡೇ!"

"ಇದೇನಿದು, ನನ್ನ ಸೆರಗಿನ ಮೇಲೆ ಕಡ್ಡಿ ನಡೀತಿದೆ?" ಎಂದರು ಶಿವಗಂಗಮ್ಮ.

ಅದು ಕಡ್ಡಿಯಾಗಿರಲಿಲ್ಲ. ಶಿವಗಂಗಮ್ಮ ಆ ವಯಸ್ಸಿನಲ್ಲಿ ಸೋಫಾ ಹತ್ತಿದ ವೇಗ ಯಾವ ಹುಡುಗಿಗೂ ಬರಲಿಕ್ಕಿಲ್ಲ. ಅಲ್ಲಿಂದ ಕಾಫಿ ಟೇಬಲ್ಲಿಗೆ, ಟೇಬಲ್ಲಿನಿಂದ ಬಾಗಿಲಿಗೆ, ಬಾಗಿಲಿನಿಂದ ವರಾಂಡಕ್ಕೆ ಹಾರಿದರು. ಅವರ ಕೂಗಿಗೆ ಅಕ್ಕಪಕ್ಕದ ಮನೆಯವರೆಲ್ಲ ಹೊರಗೆ ಬಂದರು. ವಾಚ್‌ಮನ್ನೂ ಬಂದ. ಬಂದವನು ನೇರವಾಗಿ ಬಚ್ಚಲಿಗೆ ಹೋಗಿ, ಸುರಿಯುತ್ತಿದ್ದ ಮುಂಗಾರನ್ನು ಕಣ್ಣಾರೆ ಕಂಡು, ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟ.

ಇಂಬಳ ಕಚ್ಚಿದ ರಕ್ತ ಬೇಗ ನಿಲ್ಲುವುದಿಲ್ಲ. ಊರಿನ ಪದ್ಧತಿಯಂತೆ ಪವಿತ್ರಾ ಪೇಪರಿನ ಚೂರು ಹರಿದು ಗಾಯಕ್ಕೆ ಅಂಟಿಸಿದಳು. ಸೋಮಶೇಖರಪ್ಪನವರು ಪ್ಯಾಂಟಿನ ಒಂದು ಕಾಲು ಮಡಚಿ, ಇನ್ನೊಂದು ಇಳಿಬಿಟ್ಟು, ಕುಂಟುತ್ತ ಹೊಸ್ತಿಲು ದಾಟಿದರು. ಯೋಗೇಶ ಕೈಮುಗಿದುಕೊಂಡು ಹಿಂದೆಯೇ ನಡೆದ.

"ಸಾರ್, ತಪ್ಪಾಯ್ತು ಸಾರ್. ಇವಳನ್ನ ಮಾತ್ರ ವಾಪಸ್ ಕಳಿಸ್ಬೇಡಿ ಸಾರ್. ನೀವು ಏನು ಶಿಕ್ಷೆ ಕೊಟ್ರೂ ನಾನು ಅನುಭವಿಸ್ತೀನಿ."

ಸೋಮಶೇಖರಪ್ಪನವರು ನಿಂತರು. ಪವಿತ್ರಾಳ ಮುಖ ನೋಡಿದರು. ಕಾಲಿಗಂಟಿದ ಪೇಪರಿನ ಚೂರನ್ನೂ ಒಮ್ಮೆ ನೋಡಿಕೊಂಡರು.

"ಆಯಮ್ಮನ್ನ ಯಾಕ್ರೀ ಕಳಿಸ್ಲಿ? ಊಟ ಚೆನ್ನಾಗಿತ್ತು. ನಾಳೆನೇ ಸಹಿ ಹಾಕ್ತೀನಿ, ಗಂಡ ಹೆಂಡ್ತಿ ಇಬ್ರೂ ಒಟ್ಟಿಗಿರಿ. ಆದ್ರೆ ಈ ಕಟ್ಟಡದಲ್ಲಲ್ಲ. ಮರಳುಗಾಡಿನ ನಡುವೆ ನಮ್ಮ ಪೈಪ್‌ಲೈನ್ ಕ್ಯಾಂಪ್ ಇದೆ, ಅಲ್ಲೊಂದು ಫ್ಯಾಮಿಲಿ ಕ್ವಾರ್ಟರ್ಸ್ ಖಾಲಿ ಇದೆ."

ಯೋಗೇಶ ಬಚ್ಚಲ ಕಡೆ ಒಮ್ಮೆ ತಿರುಗಿ ನೋಡಿದ. "ಅಲ್ಲಿ ನೀರಿಗೆ ಹೆಂಗೆ ಸಾರ್?"

"ಟ್ಯಾಂಕರಲ್ಲಿ ಬರುತ್ತೆ. ಕುಡಿಯೋಕೆ, ಅಡುಗೆಗೆ, ಸ್ನಾನಕ್ಕೆ ಸಾಕು. ಮಳೆಗಾಲ ಮಾಡೋಕೆ ಸಾಲಲ್ಲ."

ಯೋಗೇಶ ಇನ್ನೊಮ್ಮೆ ಬಾಯಿ ತೆರೆಯುವಷ್ಟರಲ್ಲಿ, ತಿಂಗಳಿಂದ ನಗುವುದನ್ನೇ ಮರೆತಿದ್ದ ಪವಿತ್ರಾ ಮುಖವರಳಿಸಿ ಮುಂದೆ ಬಂದು, "ಅಷ್ಟು ಸಾಕು ಸಾರ್, ತುಂಬ ಉಪಕಾರ ಆಯ್ತು! ಯಾವಾಗ ಹೊರಡ್ಬೇಕು?" ಎಂದಳು.