ಹೌದು, ಇಲ್ಲ, ಹೋಳಿಗೆ

ಇನ್ನು ಮೇಲೆ ಈ ಮನೆಯಲ್ಲಿ ಗೊಂದಲಕ್ಕೆ ಜಾಗವಿಲ್ಲ ಎಂದು ವೆಂಕಟಾಚಲ ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದೇ ಘೋಷಿಸಿದ.

ಶಿವಮೊಗ್ಗದ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ರಿಪೇರಿ ಮಾಡಿಕೊಂಡಿದ್ದವನಿಗೆ ಆಗಷ್ಟೇ ಬಡ್ತಿ ಸಿಕ್ಕಿತ್ತು. ಗಿರಾಕಿಗಳ ಬಳಿ ಹೋಗಿ, ಅವರಿಗೆ ನಿಜವಾಗಿ ಏನು ಬೇಕೆಂದು ತಿಳಿದುಕೊಂಡು, ಅದನ್ನು ಚಿತ್ರವಾಗಿ ಬರೆದು ತೋರಿಸುವ ಕೆಲಸ. ಅದಕ್ಕಾಗಿ ಆನ್‌ಲೈನ್ ತರಗತಿಗೂ ಸೇರಿದ್ದ. ಚೌಕವೆಂದರೆ ಕೆಲಸ, ಬಾಣವೆಂದರೆ ದಾರಿ, ಗಾಳಿಪಟದಂಥ ಆಕಾರ ಬಂತೆಂದರೆ ಪ್ರಶ್ನೆ. ಪ್ರಶ್ನೆಯಿಂದ ಎರಡೇ ದಾರಿ: ಹೌದು, ಇಲ್ಲ.

ಹೊಸ ವಿದ್ಯೆ ಮೊದಲು ಎರಗಿದ್ದು ಹೆಂಡತಿ ಶಾಮಲಾ ಮೇಲೆ. ಹೊಸಮನೆ ಬಡಾವಣೆಯ ಅವರ ಮನೆಯಿಂದ ಸುತ್ತಮುತ್ತಲ ಶುಭಕಾರ್ಯಗಳಿಗೆಲ್ಲ ಹೋಳಿಗೆ ಹೋಗುತ್ತಿತ್ತು. ಆ ಇಡೀ ವ್ಯವಹಾರವನ್ನು ವೆಂಕಟಾಚಲ ಒಂದೇ ರಾತ್ರಿಯಲ್ಲಿ ದೊಡ್ಡ ಹಾಳೆಗೆ ಇಳಿಸಿ ಅಡುಗೆಮನೆ ಗೋಡೆಗೆ ಅಂಟಿಸಿದ್ದ. ಅವಳಿಗೊಂದು ಪಟ್ಟೆ, ತನಗೊಂದು ಪಟ್ಟೆ. ಅವಳ ಪಟ್ಟೆಯಲ್ಲಿ ನೆನೆಹಾಕು, ಬೇಯಿಸು, ರುಬ್ಬು, ತಟ್ಟು. ತನ್ನದರಲ್ಲಿ ಒಂದೇ ಗಾಳಿಪಟ: ‘ಆರ್ಡರ್ ಖಚಿತವೇ?’ ಹೌದು ಎಂದರೆ ಬಾಣ ಬೇಳೆ ಡಬ್ಬಿಯ ಕಡೆಗೆ. ಇಲ್ಲವೆಂದರೆ ‘ಮತ್ತೆ ಫೋನ್ ಮಾಡು’ ಎಂಬ ಚೌಕಕ್ಕೆ.

ಶಾಮಲಾ ನೋಡಿದಳು, ಏನೂ ಹೇಳಲಿಲ್ಲ, ಚೀಲ ಹಿಡಿದು ಗಾಂಧಿ ಬಜಾರಿಗೆ ಹೋದಳು. ಅವಳ ಮೌನವನ್ನು ವೆಂಕಟಾಚಲ ಒಪ್ಪಿಗೆಯೆಂದೇ ತಿಳಿದು ಅವಳು ಬಿಟ್ಟುಹೋಗಿದ್ದ ಫೋನನ್ನು ವಶಕ್ಕೆ ತೆಗೆದುಕೊಂಡ.

ಭದ್ರಾವತಿಯ ಮಹಾಂತಮ್ಮನವರ ಆರ್ಡರ್ ತೂಗಾಡುತ್ತಿತ್ತು. ಮಗಳು ಸ್ಫೂರ್ತಿಯ ನಿಶ್ಚಿತಾರ್ಥಕ್ಕೆ ಇನ್ನೂರು ಹೋಳಿಗೆ. ಫೋನ್ ಮಾಡಿದರೆ, ಗಂಡಿನವರು ಇವತ್ತೇ ಬರುತ್ತಾರೆ, ದಿನ ಗೊತ್ತಾದ ಮೇಲೆ ಹೇಳುತ್ತೇನೆ ಎಂದರು ಮಹಾಂತಮ್ಮ. ಇದಕ್ಕೆ ಚಿತ್ರದಲ್ಲಿ ದಾರಿಯೇ ಇರಲಿಲ್ಲ. ಹೌದು ಅಲ್ಲದ್ದು ಇಲ್ಲವೇ ತಾನೇ? ಬಾಣ ತೋರಿಸಿದಂತೆ ಅರ್ಧ ಗಂಟೆ ಬಿಟ್ಟು ಮತ್ತೆ ಫೋನ್ ಮಾಡಿದ. ಈ ಸಲ ಎತ್ತಿದ್ದು ಸ್ಫೂರ್ತಿ. ತನಗೇನೂ ಗೊತ್ತಿಲ್ಲವೆಂದು ಸಣ್ಣ ದನಿಯಲ್ಲಿ ಹೇಳಿ ಇಟ್ಟಳು. ವೆಂಕಟಾಚಲನಿಗೆ ಶಿಸ್ತಿನ ಆವೇಶ ಬಂತು. ಮೂರನೇ ಸಲಕ್ಕೂ ಅವಳೇ ಸಿಕ್ಕಳು.

“ನೋಡಮ್ಮ, ಗೊತ್ತಿಲ್ಲ ಅನ್ನೋ ಉತ್ತರ ನಡೆಯಲ್ಲ. ಬೇಕಾ, ಬೇಡ್ವಾ? ಒಂದೇ ಮಾತಲ್ಲಿ ಹೇಳು.”



“ಬೇಡ,” ಎಂದಳು ಸ್ಫೂರ್ತಿ. “ನನಗೆ ಬೇಡ.”

ಯಾರೋ ಲೋಟವನ್ನು ಠಕ್ಕನೆ ಕೆಳಗಿಟ್ಟದ್ದು ಕೇಳಿಸಿತು. ವೆಂಕಟಾಚಲ ಥ್ಯಾಂಕ್ಸ್ ಹೇಳಿ, ಆರ್ಡರನ್ನು ಹೊಡೆದುಹಾಕಿ, ಸಂತೃಪ್ತನಾಗಿ ಸ್ನಾನಕ್ಕೆ ಹೋದ.

ವಿಷಯ ಗೊತ್ತಾದದ್ದು ಶಾಮಲಾ ಬಜಾರಿನಿಂದ ಬಂದು ಮಹಾಂತಮ್ಮನವರ ಫೋನ್ ಎತ್ತಿದಾಗ. ಸ್ಫೂರ್ತಿಯ ಕೈಯಲ್ಲಿ ಕಾಫಿ ತಟ್ಟೆ ಇತ್ತಂತೆ, ಫೋನು ಸ್ಪೀಕರಿನಲ್ಲಿತ್ತಂತೆ, ಎದುರಿಗೆ ಗಂಡಿನ ಕಡೆಯವರೆಲ್ಲ ಕೂತಿದ್ದರಂತೆ. ‘ನನಗೆ ಬೇಡ’ ಎನ್ನುವಾಗ ಅವಳು ನೋಡಿದ್ದು ಫೋನನ್ನಲ್ಲ, ಗಂಡನ್ನು. ಗಂಡಿನ ಅಪ್ಪ ಕಾಫಿ ಕುಡಿಯದೆ ಲೋಟ ಕೆಳಗಿಟ್ಟು ಎದ್ದು ಹೋದರಂತೆ.

ಮಧ್ಯಾಹ್ನವೇ ಗಂಡ ಹೆಂಡತಿ ಸ್ಕೂಟರಿನಲ್ಲಿ ಭದ್ರಾವತಿಗೆ ಹೊರಟರು. ದಾರಿಯುದ್ದಕ್ಕೂ ವೆಂಕಟಾಚಲ ಕ್ಷಮಾಪಣೆಯನ್ನು ಮನಸ್ಸಿನಲ್ಲೇ ಉರುಹಾಕಿಕೊಂಡ. ಆದರೆ ಮಹಾಂತಮ್ಮನವರ ಅತ್ತು ಕೆಂಪಾದ ಕಣ್ಣು ನೋಡಿದ್ದೇ ಎಲ್ಲ ಮರೆತುಹೋಯಿತು. ಬಾಣ, ಚೌಕ ಎಂದು ಏನೇನೋ ತೊದಲಿದ. ಸ್ಫೂರ್ತಿ ಬಾಗಿಲಿಗೆ ಒರಗಿ ನಿಂತಿದ್ದಳು.

“ಅಂಕಲ್, ಸೀರೆ ಯಾವುದು ಅಂತ ಕೇಳಿದ್ರು. ಫೋಟೋಗ್ರಾಫರ್ ಯಾರು ಅಂತ ಕೇಳಿದ್ರು. ಬೇಕಾ ಬೇಡ್ವಾ ಅಂತ ಕೇಳಿದ್ದು ನೀವೊಬ್ಬರೇ.”

“ನಾನು ಹೋಳಿಗೆ ಕೇಳಿದ್ದು ಕಣಮ್ಮ.”

“ಗೊತ್ತು.”

ಮಹಾಂತಮ್ಮ ಮಗಳನ್ನು ಬಹಳ ಹೊತ್ತು ನೋಡಿದರು. ಕೊನೆಗೆ, ಊಟ ಮಾಡಿದೆಯಾ ಎಂದು ಅವಳನ್ನು ಕೇಳಿ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ವಾಪಸ್ ಬರುವಾಗ ವೆಂಕಟಾಚಲನ ಎದೆ ಮತ್ತೆ ಉಬ್ಬತೊಡಗಿತು. ನೋಡು, ಒಂದು ಹುಡುಗಿಯ ಬಾಳು ಉಳಿಯಿತು, ಸರಿಯಾದವರಿಗೆ ಸರಿಯಾದ ಪ್ರಶ್ನೆ ಕೇಳುವುದೇ ಈ ವಿದ್ಯೆಯ ಸಾರ ಎಂದು ಗಾಳಿಗೆ ಎದುರಾಗಿ ಕೂಗಿ ಹೇಳಿದ. ಕನ್ನಡಿಯಲ್ಲಿ ಶಾಮಲಾ ಸೆರಗಿನಿಂದ ಮುಖ ಒರೆಸಿಕೊಳ್ಳುವುದು ಕಂಡಿತು. ಬಾಯಾರಿರಬೇಕೆಂದು ರಸ್ತೆ ಬದಿಯ ಕಬ್ಬಿನ ಹಾಲಿನ ಗಾಡಿ ಹತ್ತಿರ ನಿಲ್ಲಿಸಿ, ಎಂದಿನಂತೆ ಎರಡು ಬೆರಳು ಎತ್ತಿದ.

“ಎರಡಕ್ಕೂ ಶುಂಠಿ ಹಾಕಪ್ಪ.”

“ಒಂದಕ್ಕೆ ಸಾಕು,” ಎಂದಳು ಶಾಮಲಾ. “ನನಗೆ ಶುಂಠಿ ಸೇರಲ್ಲ.”

ವೆಂಕಟಾಚಲ ತಿರುಗಿ ನೋಡಿದ. “ಯಾವಾಗಿಂದ?”

“ಹುಟ್ಟಿದಾಗಿನಿಂದ.”